ಉತ್ತರಹಳ್ಳಿಯ ಹೊಲ, ಮಲೆನಾಡಿನ ಗದ್ದೆ

ಬೆಂಗಳೂರಿನ ದಕ್ಷಿಣಕ್ಕಿರುವ ಉತ್ತರಹಳ್ಳಿ ಒಂದು ಕಾಲಕ್ಕೆ ರಾಗಿ, ಅವರೆ ಬೆಳೆಯುತ್ತಿದ್ದ ಊರು. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2017ರಲ್ಲಿ ಸಮೀಪದ ಯಲಚೇನಹಳ್ಳಿಗೆ ಮೆಟ್ರೊ ಬಂದಿತು. ಇಂದು ಅಲ್ಲಿ ಬೆಳಗಾದರೆ ಬಹುರಾಷ್ಟ್ರೀಯ ಕಂಪನಿಗಳ ಕಚೇರಿಗೆ ಹೊರಟವರ ವಾಹನಗಳ ಸಾಲು.

ಆ ಕೆಂಪು ಮಣ್ಣು ಮಳೆನೀರನ್ನು ಹೀರಿ ಬಾವಿಗಳಿಗೆ ಇಳಿಸುತ್ತಿತ್ತು. ಮಿಕ್ಕಿದ್ದು ಕೆರೆಗೆ ಹರಿಯುತ್ತಿತ್ತು. ಕೆರೆಯ ಹೂಳು ಬೇಸಗೆಯಲ್ಲಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು. ಹೊಲಗಳು ನಿವೇಶನಗಳಾದಾಗ ಈ ಚಕ್ರವೇ ತುಂಡಾಯಿತು. ಇಂತಹ ನೂರಾರು ಹಳ್ಳಿಗಳನ್ನು ನುಂಗಿದ ನಗರವು ಈಗ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು 500 ಮೀಟರಿನಷ್ಟು ಮೇಲೆತ್ತಿ ಕುಡಿಯುತ್ತಿದೆ. ಅದೂ ಸಾಲದೆಂದು ಶರಾವತಿಯತ್ತ ಕೈಚಾಚಿದಾಗ, 2019ರಲ್ಲಿ ಮಲೆನಾಡಿಗರು ಬೀದಿಗಿಳಿದು ಪ್ರತಿಭಟಿಸಿದರು.

ಆದರೆ ನದಿಗಾಗಿ ಹೋರಾಡುವ ನಾವು ನಮ್ಮ ಗದ್ದೆಗಳನ್ನು ಉಳಿಸಿಕೊಳ್ಳುತ್ತಿದ್ದೇವೆಯೇ? 2020ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯ ಅನಂತರ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾಗಿದೆ. ತೋಟದ ಕೆಳಗಿನ ಗದ್ದೆಬಯಲುಗಳು ರೆಸಾರ್ಟು, ಬಡಾವಣೆಗಳಾಗುತ್ತಿವೆ. ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿಕೊಂಡು ಇಂಗಿಸುವುದು ಇದೇ ಬಯಲುಗಳು.

ಭೂಮಿ ಮಾರಿದ ರೈತನನ್ನು ನಾನು ದೂಷಿಸಲಾರೆ. ಬೆಳೆಯ ಬೆಲೆಗಿಂತ ನೆಲದ ಬೆಲೆ ನೂರ್ಮಡಿಯಾದರೆ ಬೇಸಾಯ ನಿಲ್ಲುವುದು ಸಹಜ. ಆದ್ದರಿಂದಲೇ ನೀರಿಂಗಿಸುವ ಗದ್ದೆಗಳ ಭೂಪರಿವರ್ತನೆಯನ್ನು ನಿಲ್ಲಿಸಬೇಕು. ಅವುಗಳನ್ನು ಉಳಿಸಿಕೊಂಡವರಿಗೆ, ಆ ನೀರನ್ನು ಕುಡಿಯುವ ನಗರವು ಪ್ರತಿವರ್ಷ ಸಹಾಯಧನ ನೀಡಬೇಕು. ಮುಂದಿನ ಗ್ರಾಮಸಭೆಯಲ್ಲಿ ನಾವು ಮಂಡಿಸಬೇಕಾದ ಮೊದಲ ನಿರ್ಣಯ ಇದು. ಉತ್ತರಹಳ್ಳಿಗಾದರೋ ಕಾವೇರಿ ಬಂದಳು. ನಮ್ಮ ಬಾವಿಗಳು ಬತ್ತಿದರೆ ನೀರು ಎಲ್ಲಿಂದ ಬಂದೀತು?