ಮಣ್ಣುಮುಕ್ಕ ಹೊಲದಲ್ಲೇ ಇರಲಿ, ಡಬ್ಬದಲ್ಲಿ ಬೇಡ

ಹಾವು ಸಾಕಬೇಕು ಅಂದರೆ ಸಣ್ಣಗೆ ಉಳಿಯುವ ಬೋವಾ ಆರಿಸಿಕೊಳ್ಳಿ ಎಂದು ವಿದೇಶದ ಯೂಟ್ಯೂಬ್ ಚಾನೆಲ್‌ಗಳು ಹೇಳುತ್ತವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗರ ಫೋನಿಗೂ ಆ ವಿಡಿಯೋಗಳು ಬರುತ್ತವೆ. ಅಲ್ಲಿಯ ಲೆಕ್ಕಕ್ಕೆ ಆ ಮಾತು ಸರಿಯೇ. ದಕ್ಷಿಣ ಅಮೆರಿಕದ ದೊಡ್ಡ ಬೋವಾ ಆರರಿಂದ ಹತ್ತು ಅಡಿ ಬೆಳೆಯುತ್ತದೆ. ಆಫ್ರಿಕಾದ ಕೀನ್ಯಾ ಮಣ್ಣು ಬೋವಾದ ಗಂಡು ಒಂದೂವರೆ ಅಡಿ ದಾಟುವುದೇ ಕಷ್ಟ, ಹೆಣ್ಣು ಎರಡು ಅಡಿಯ ಆಸುಪಾಸು. ವಿಷ ಇಲ್ಲ, ಮರಳಿನ ಪೆಟ್ಟಿಗೆಯಲ್ಲಿ ಇದ್ದುಬಿಡುತ್ತದೆ.

ಆದರೆ ಇದೇ ಸಲಹೆ ಚಿತ್ರದುರ್ಗದ ಹೊಲಕ್ಕೆ ಬಂದಾಗ ಬೇರೆಯೇ ಆಗುತ್ತದೆ. ಯಾಕೆಂದರೆ ಅಂಥದ್ದೇ ಸಣ್ಣ ಬೋವಾ ನಮ್ಮಲ್ಲೇ ಇದೆ. ದುಡ್ಡು ಕೊಡಬೇಕಿಲ್ಲ, ಶೇಂಗಾ ಕೀಳುವಾಗ ಸಿಗುತ್ತದೆ. ಎರಡು ತಲೆ ಹಾವು, ಮಣ್ಣುಮುಕ್ಕ ಅಂತ ನಾವು ಕರೆಯುವುದು ಅದನ್ನೇ. ಕೆಂಗಂದು ಮೈ, ಸಾಮಾನ್ಯವಾಗಿ ಎರಡರಿಂದ ಮೂರು ಅಡಿ, ಮೊಂಡು ಬಾಲ. ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನು ತಲೆಯಂತೆ ಎತ್ತಿ ತೋರಿಸುತ್ತದೆ, ಏಟು ಬಿದ್ದರೆ ಬಾಲಕ್ಕೆ ಬೀಳಲಿ ಅಂತ. ಆರು ತಿಂಗಳು ಈ ಕಡೆ ತಲೆ, ಆರು ತಿಂಗಳು ಆ ಕಡೆ ತಲೆ ಅನ್ನುವ ಕಥೆ ಹುಟ್ಟಿದ್ದು ಇಲ್ಲಿಂದ. ಕಥೆ ಸಾಲದು ಅಂತ ಕೆಲವು ಹಾವಾಡಿಗರು ಬಾಲಕ್ಕೆ ಬರೆ ಹಾಕಿ ಕಣ್ಣು ಮೂಡಿಸುತ್ತಿದ್ದದ್ದೂ ಉಂಟು.

ಇದನ್ನು ಸಾಕಲು ತರಬೇಡಿ ಎಂಬುದು ನಮ್ಮ ಮಾತು. ಕಾನೂನು ಮೊದಲು ಹೇಳಿ ಮುಗಿಸುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ. ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಎಂಬುದು ಈ ಕಾಯ್ದೆಯ ಸಾಮಾನ್ಯ ಶಿಕ್ಷೆ. ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿರುವ ಪ್ರಾಣಿಗಳಿಗೆ ಶಿಕ್ಷೆ ಇನ್ನೂ ಜಾಸ್ತಿ. ಮಾರಲಿಲ್ಲ ಸಾರ್, ಸುಮ್ಮನೆ ಸಾಕಿಕೊಂಡಿದ್ದೆ ಅಂದರೂ ಕೇಸು ಕೇಸೇ.

ಕಾನೂನಿಗಿಂತ ನಮ್ಮನ್ನು ಕಾಡುವುದು ತೂಕದ ವ್ಯವಹಾರ. ಈ ಹಾವು ನಿಧಿ ತೋರಿಸುತ್ತಂತೆ, ಮನೆಯಲ್ಲಿದ್ದರೆ ಲಕ್ಷ್ಮಿ ನಿಲ್ಲುತ್ತಾಳಂತೆ, ದೊಡ್ಡ ಕಾಯಿಲೆಗೆ ಔಷಧಿಯಂತೆ. ಯಾವುದಕ್ಕೂ ಆಧಾರ ಇಲ್ಲ, ಆದರೂ ತೂಕ ಹೆಚ್ಚಿದಷ್ಟೂ ಬೆಲೆ ಲಕ್ಷಗಳಲ್ಲಿ ಏರುತ್ತದೆ ಎಂಬ ಮಾತು ಮಾತ್ರ ಊರೂರು ಸುತ್ತುತ್ತದೆ. ಅಲ್ಲಿಗೆ ದಲ್ಲಾಳಿಗೆ ಬೇಕಾದದ್ದು ದಪ್ಪ ಹಾವು. ಈ ಜಾತಿಯಲ್ಲಿ ದಪ್ಪ ಬೆಳೆಯುವುದು ಹೆಣ್ಣು. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಅಂದರೆ ಹೊಲದಿಂದ ಮೊದಲು ಕಾಣೆಯಾಗುವುದು ಬಸುರಿ ತಾಯಿಯೇ. ಶೋಕಿಗೆಂದು ಡಬ್ಬದಲ್ಲಿಟ್ಟ ಹಾವು ಕೂಡ ಒಂದು ಸ್ಟೇಟಸ್ ಫೋಟೋದ ದೆಸೆಯಿಂದ ಅಂಥವರ ಕೈಗೆ ಹೋಗಲು ಹೆಚ್ಚು ದಿನ ಬೇಡ.

ಸಣ್ಣದು ಅನ್ನುವ ಗುಣವೇ ಹಾವಿಗೆ ಮುಳುವಾದ ಉದಾಹರಣೆ ಹೊರಗೂ ಇದೆ. ಮಧ್ಯ ಅಮೆರಿಕದ ಹೊಂಡುರಾಸ್ ದೇಶಕ್ಕೆ ಸೇರಿದ ಕೆಲವು ಪುಟ್ಟ ದ್ವೀಪಗಳಲ್ಲಿ ಹಾಗ್ ಐಲ್ಯಾಂಡ್ ಬೋವಾ ಎಂಬ ಗಿಡ್ಡ, ಸಾಧು ಹಾವು ಇದೆ. ಮನೆಯಲ್ಲಿ ಸಾಕಲು ಹೇಳಿ ಮಾಡಿಸಿದ ಹಾಗಿದೆ ಅಂತ 1980ರ ದಶಕದ ಹೊತ್ತಿಗೆ ಚೀಲಗಟ್ಟಲೆ ಹಿಡಿದು ಸಾಗಿಸಿದರು. ದ್ವೀಪದಲ್ಲಿ ಹುಡುಕಿದರೂ ಸಿಗದಂತಾಯಿತು. ಆಮೇಲೆ ರಕ್ಷಣೆ ಕೊಟ್ಟು ಉಳಿಸಿಕೊಳ್ಳಬೇಕಾಯಿತು.

ಸಾಕುವ ಆಸೆ ನಿಜವಾಗಿ ಇರುವವರಿಗೆ ದಾರಿ ಮುಚ್ಚಿಲ್ಲ. ಕೀನ್ಯಾ ಬೋವಾದಂಥ ವಿದೇಶಿ ಜಾತಿ ಇಟ್ಟುಕೊಳ್ಳುವವರು 2024ರ ಕೇಂದ್ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಎಲ್ಲಿಂದ ಬಂತು ಎಂಬ ಕಾಗದ ಇಲ್ಲದ ಹಾವು ಕೊಳ್ಳಲೇಬೇಡಿ. ನಮ್ಮ ಮಣ್ಣುಮುಕ್ಕನ ಮರಿಯನ್ನೇ ಫಾರಿನ್ ಅಂತ ಮಾರಿದರೆ ಗುರುತಿಸಲು ಎಷ್ಟು ಜನರಿಗೆ ಬರುತ್ತದೆ? ಅದು ಹತ್ತಿಪ್ಪತ್ತು ವರ್ಷ ಬದುಕುವ ಜೀವ ಅನ್ನುವುದೂ ನೆನಪಿರಲಿ. ಇಲಿ ಮರಿ ಒದಗಿಸಬೇಕು, ಪೆಟ್ಟಿಗೆಯ ಒಂದು ಬದಿ ಸದಾ ಬೆಚ್ಚಗಿರಬೇಕು. ಡಿಸೆಂಬರ್ ರಾತ್ರಿ ಕರೆಂಟ್ ಹೋದರೆ ಏನು ಮಾಡುತ್ತೀರಿ? ಮದುವೆಯಾಗಿ ಬರುವ ಸೊಸೆಯನ್ನೂ ಒಂದು ಮಾತು ಕೇಳಬೇಕಾಗುತ್ತದೆ.

ನಮಗಂತೂ ಹೊಲದ ಬದುವಿನಲ್ಲಿ ಇರುವ ಮಣ್ಣುಮುಕ್ಕನೇ ಸರಿಯಾದ ಸಾಕುಹಾವು ಅನ್ನಿಸುತ್ತದೆ. ಅದು ಇಲಿಯ ಬಿಲದೊಳಗೇ ನುಗ್ಗಿ ಹಿಡಿಯುತ್ತದೆ. ಶೇಂಗಾ, ಮೆಕ್ಕೆಜೋಳ, ತೆಂಗು ಬೆಳೆಯುವವರಿಗೆ ಇಲಿ ಮಾಡುವ ನಷ್ಟ ನಾವು ವಿವರಿಸಬೇಕಿಲ್ಲ. ಪಾಷಾಣಕ್ಕೆ ದುಡ್ಡು ಸುರಿಯುವವರು ಬಿಟ್ಟಿ ಕೆಲಸ ಮಾಡುವ ಹಾವನ್ನು ಹಿಡಿದು ಕೊಡುವುದು ಯಾವ ಲೆಕ್ಕ?

ಕೊನೆಗೆ ಜೀವದ ವಿಷಯ. ಮಣ್ಣುಮುಕ್ಕದಲ್ಲಿ ಇನ್ನೊಂದು ಜಾತಿ ಇದೆ. ಗಿಡ್ಡ, ಒರಟು ಬಾಲ, ಮೈ ಮೇಲೆ ಅಡ್ಡಾದಿಡ್ಡಿ ಕಂದು ಮಚ್ಚೆ. ಅದಕ್ಕೂ ವಿಷ ಇಲ್ಲ. ಆದರೆ ನೋಡಲು ಥೇಟ್ ಕೊಳಕುಮಂಡಲದ ಹಾಗೆ. ಕೊಳಕುಮಂಡಲದ ಮಚ್ಚೆ ಸರಪಳಿಯಂತೆ ಸಾಲಾಗಿರುತ್ತದೆ, ತಲೆ ತ್ರಿಕೋನ, ಕೆಣಕಿದರೆ ಕುಕ್ಕರ್ ಸೀಟಿಯಂತೆ ಬುಸುಗುಟ್ಟುತ್ತದೆ. ಈ ಗುರುತು ಗೊತ್ತಿದೆ ಅಂತ ಮುಸ್ಸಂಜೆ ಬೆಳಕಿನಲ್ಲಿ ಕೈ ಹಾಕಲು ಹೋಗಬೇಡಿ. ಹೊಲದಲ್ಲಿ ಕಂಡರೆ ದಾರಿ ಬಿಡಿ, ಟ್ರ್ಯಾಕ್ಟರ್ ಎರಡು ನಿಮಿಷ ನಿಲ್ಲಿಸಿ, ಅದೇ ಮಣ್ಣಿಗೆ ಇಳಿಯುತ್ತದೆ. ಮನೆಯೊಳಗೆ ಬಂದಿದ್ದರೆ ನಿಮ್ಮ ತಾಲ್ಲೂಕಿನ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ. ಯಾವ ಹಾವೇ ಕಚ್ಚಲಿ, ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬಿಟ್ಟು ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ.