ಅಂಗಳದ ಕಾಫಿ, ಮಗಳ ಪ್ರಾಜೆಕ್ಟು



ಕುದುರೆಮುಖದ ತಪ್ಪಲಿನ ಸಂಸೆ ಕಡೆಯಿಂದ ಓದುಗರೊಬ್ಬರು ಬರೆದ ಕಾಗದ ಈ ಸಲ ನನ್ನ ಮುಂದಿದೆ. ಅವರ ಮಗಳು ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ಅವಳೂ ಮೂವರು ಗೆಳತಿಯರೂ ಸೇರಿ, ಕಣದಲ್ಲಿ ಒಣಹಾಕಿದ ಕಾಫಿಯ ತೇವ ಎಷ್ಟಿದೆಯೆಂದು ತೋರಿಸುವ ಕಡಿಮೆ ಖರ್ಚಿನ ಸಲಕರಣೆ ಮಾಡಹೊರಟಿದ್ದಾರೆ. ಅದಕ್ಕೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಿಂದ ಸ್ವಲ್ಪ ಹಣವೂ ಮಂಜೂರಾಗಿದೆ. ತಾಯಿಯ ಕಷ್ಟ ಬೇರೆ. "ಕುಯ್ಲಿನ ಕಾಲ, ಆಳು ಸಿಗೋದಿಲ್ಲ. ಇವಳು ಮನೆಗೆ ಬಂದ್ರೂ ಕಣದ ಮೂಲೇಲಿ ಕೂತು ಏನೋ ಬರ್ಕೊಳ್ತಾಳೆ. ಅಷ್ಟು ಚೂರು ಹಣಕ್ಕೆ ಇಷ್ಟು ಅಲೆದಾಟ ಯಾಕೆ, ಪೇಟೇಲಿ ಸಿದ್ಧ ಪ್ರಾಜೆಕ್ಟೇ ಸಿಗುತ್ತಲ್ಲ, ಕೊಂಡು ಕೊಟ್ಟು ಪಾಸಾಗಲಿ ಅಂತಾರೆ ಇವರಪ್ಪ. ನಾನು ಯಾರ ಕಡೆ ನಿಲ್ಲಲಿ?"

ಮಗಳ ಕಡೆ ನಿಲ್ಲಿ ತಾಯಿ. ಯಾಕೆಂದು ಹೇಳುತ್ತೇನೆ.

ಈ ಮಂಡಳಿ ಹುಟ್ಟಿದ್ದು 1975ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅದರ ಕಚೇರಿ. ಇಂಜಿನಿಯರಿಂಗ್ ಓದುವ ಮಕ್ಕಳ ಪ್ರಾಜೆಕ್ಟುಗಳಿಗೆ ಅದು 1970ರ ದಶಕದ ಕೊನೆಯಿಂದ ಹಣ ಕೊಡುತ್ತಾ ಬಂದಿದೆ. ಮಕ್ಕಳು ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ತಮ್ಮ ಯೋಜನೆಯನ್ನು ಬರೆದು ಕಾಲೇಜಿನ ಮೂಲಕ ಕಳಿಸಬೇಕು. ತಿಳಿದವರು ಓದಿ ಆರಿಸುತ್ತಾರೆ. ಆಮೇಲೆ ಕೆಲಸ ಹೇಗೆ ನಡೆದಿದೆ ಅಂತ ಪರೀಕ್ಷೆಯೂ ಉಂಟು. ಚೆನ್ನಾಗಿರುವುದನ್ನು ರಾಜ್ಯಮಟ್ಟದ ಪ್ರದರ್ಶನಕ್ಕೆ ಕರೆಯುತ್ತಾರೆ. ಹಣ ದೊಡ್ಡದಲ್ಲ, ನಿಜ. ಆದರೆ ನಿಮ್ಮ ಹುಡುಗಿಯ ಗುರುತಿಲ್ಲದವರು ಅವಳ ಯೋಚನೆಯನ್ನು ಓದಿ, 'ಇದು ಮಾಡತಕ್ಕದ್ದು' ಎಂದಿದ್ದಾರೆ. ಆ ಮಾತಿಗೆ ಬೆಲೆ ಕಟ್ಟುವುದು ಹೇಗೆ?

ಇಂಥ ಕೆಲಸದಿಂದ ಹೆಂಗಸರಿಗೆ ಏನು ಬಂತು ಅಂತ ಕೇಳಬಹುದು. ನಿಮ್ಮ ತವರಿನಲ್ಲಿ ಅಸ್ತ್ರ ಒಲೆ ನೋಡಿದ ನೆನಪಿದೆಯೇ? 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಸೌದೆ ಉಳಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಆ ಒಲೆ ಬಂದದ್ದು ಅಲ್ಲಿಂದ. 1980ರ ದಶಕದಲ್ಲಿ ಅದನ್ನು ಹಳ್ಳಿಗಳಿಗೆ ಮುಟ್ಟಿಸುವುದರಲ್ಲಿ ಇದೇ ಮಂಡಳಿಯ ಕೈಯೂ ಇತ್ತು. ಅಡಿಗೆಮನೆಯ ಹೊಗೆಯೂ ವಿಜ್ಞಾನದ ಪ್ರಶ್ನೆ ಅಂತ ಓದಿದವರಿಗೆ ಅನ್ನಿಸಿದ್ದರಿಂದಲೇ ತಾನೇ ಅದು ಆದದ್ದು?

ನಿಮ್ಮ ಮಗಳಿಗೂ ಅಂಥದೇ ಒಂದು ಪ್ರಶ್ನೆ ಕಂಡಿದೆ. ಹಣ್ಣು ಕಾಫಿ ಒಣಗಲು ಹೆಚ್ಚುಕಡಿಮೆ ಎರಡು ವಾರ ಬೇಕು. ಬೆಳಿಗ್ಗೆ ಹರಡಬೇಕು, ಹೊತ್ತುಹೊತ್ತಿಗೆ ಮಗುಚಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು. ಒಣಗಿತೇ ಇಲ್ಲವೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ, ಗಲಗಲ ಅಂದರೆ ಆಯಿತು. ತೇವ ಶೇಕಡಾ 11ರ ಆಸುಪಾಸಿಗೆ ಇಳಿಯಬೇಕು. ಹಸಿಯಾಗಿ ಮೂಟೆ ಕಟ್ಟಿದರೆ ಬೂಷ್ಟು, ಅತಿಯಾಗಿ ಒಣಗಿದರೆ ತೂಕದಲ್ಲಿ ನಷ್ಟ. ಅಕಾಲದ ಮಳೆ ಬಂದರಂತೂ ಕೇಳುವುದೇ ಬೇಡ. ಇದೆಲ್ಲ ಬಹುಮಟ್ಟಿಗೆ ಹೆಂಗಸರ ಕೈಯ ಕೆಲಸ. ಆ ಕಿವಿಯ ಲೆಕ್ಕವನ್ನು ಅಂಕಿಯಲ್ಲಿ ಹಿಡಿಯುವುದಕ್ಕೆ ಕಣದಲ್ಲಿ ಬೆಳೆದ ಹುಡುಗಿಗಿಂತ ಯಾರು ಬೇಕು?

ನಿಮ್ಮ ಪಕ್ಕದಲ್ಲೇ ನೋಡಿ. 1976ರಲ್ಲಿ ಕುದುರೆಮುಖದ ಅದಿರು ಕಂಪನಿ ಹುಟ್ಟಿತು. ದೊಡ್ಡ ದೊಡ್ಡ ಯಂತ್ರ, ಹೊರಗಿನ ಇಂಜಿನಿಯರುಗಳು, ಬೆಟ್ಟದ ಮೇಲೊಂದು ಊರೇ ಎದ್ದಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಯಂತ್ರ ಬಂತು, ಯಂತ್ರ ಹೋಯಿತು. ನಿಮ್ಮ ಅಂಗಳದ ತೊಂದರೆ ಮಾತ್ರ ಅಂಗಳದಲ್ಲೇ ಉಳಿಯಿತು. ಅದನ್ನು ಬಿಡಿಸಬೇಕಾದವರು ಮನೆಯ ಮಕ್ಕಳೇ.

ಇನ್ನು ಕೆಲವು ಗೃಹಕೃತ್ಯದ ಮಾತು.

ಕಣದ ಒಂದು ಮೂಲೆಯನ್ನು ಅವಳಿಗೆ ಬಿಟ್ಟುಕೊಡಿ. ದಿನಕ್ಕೆ ಎರಡು ಗಂಟೆ ಅವಳ ಹೊತ್ತು ಅಂತ ಗೊತ್ತುಮಾಡಿ. ಆ ಹೊತ್ತಿನಲ್ಲಿ "ಸ್ವಲ್ಪ ಬಾರೇ" ಅಂತ ಕರೆಯಬೇಡಿ. ಮನೇಲಿ ಗಂಡುಮಗ ಇದ್ದರೆ ಕಾಫಿ ಮಗುಚುವುದು ಅವನಿಗೂ ಬರುತ್ತೆ.

ಕೊಟ್ಟ ಹಣಕ್ಕೆ ಲೆಕ್ಕ ಒಪ್ಪಿಸಬೇಕು. ತಂತಿ ಕೊಂಡರೂ ರಸೀತಿ ಇಡಲಿ. ನೀವು ಹಾಲಿನ ಲೆಕ್ಕ ಬರೆಯುವ ಹಾಗೆ ಒಂದು ಪುಸ್ತಕ ಮಾಡಿಕೊಡಿ, ಸಾಕು.

ಸಲಕರಣೆ ಮೊದಲ ಸಲಕ್ಕೇ ಸರಿಯಾಗಿ ತೋರಿಸದೆ ಹೋಗಬಹುದು. ನಾವು ಮೊದಲು ಮಾಡಿದ ಕಡುಬು ಗಟ್ಟಿಯಾಗಲಿಲ್ಲವೇ? ಎಲ್ಲಿ ತಪ್ಪಿತು ಅಂತ ಬರೆದಿಟ್ಟರೆ ಅದೂ ಫಲವೇ. ಕೊಂಡು ತಂದ ಪ್ರಾಜೆಕ್ಟಿನಲ್ಲಿ ತಪ್ಪುವ ಭಾಗ್ಯವೂ ಇಲ್ಲ. ಯಾರಾದರೂ ಬಿಚ್ಚಿ ತೋರಿಸು ಅಂದರೆ ತಲೆ ತಗ್ಗಿಸಬೇಕಾಗುತ್ತದೆ.

ಬಿ.ಎಸ್ಸಿ. ಓದುವ ಹೆಣ್ಣುಮಕ್ಕಳ ತಾಯಂದಿರೂ ಕೇಳಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಭತ್ಯೆಯೂ ಉಂಟು, ಪ್ರಯಾಣದ ಖರ್ಚೂ ಉಂಟು. ಕಾಲೇಜಿನಲ್ಲಿ ವಿಚಾರಿಸಲು ಹೇಳಿ. ಎರಡು ತಿಂಗಳು ದೂರ ಇರಬೇಕಲ್ಲ ಅಂತ ಅರ್ಜಿಯ ಕಾಗದವನ್ನು ದಿಂಬಿನಡಿ ಇಡಬೇಡಿ.

ಸಂಸೆಯ ಸೋದರಿ, ಯಜಮಾನರಿಗೆ ಒಂದು ಉಪಾಯ ಹೇಳಿಕೊಡುತ್ತೇನೆ. ಇವತ್ತು ಸಂಜೆ ಅವರು ಒಂದು ಹಿಡಿ ಕಾಫಿ ಅಲ್ಲಾಡಿಸಿ ಒಣಗಿದೆಯೇ ಹೇಳಲಿ, ಮಗಳ ಸಲಕರಣೆಯೂ ಹೇಳಲಿ. ಎರಡನ್ನೂ ಅವಳು ಪುಸ್ತಕದಲ್ಲಿ ಬರೆದುಕೊಳ್ಳಲಿ. ಅಪ್ಪನ ಕಿವಿಯೂ ಪ್ರಾಜೆಕ್ಟಿಗೆ ಸೇರಿದ ಮೇಲೆ ಅವರೇಕೆ ಬೇಡ ಅಂತಾರೆ? ಯಾರ ಲೆಕ್ಕ ಸರಿಹೋಯಿತು ಅಂತ ನನಗೂ ಒಂದು ಕಾಗದ ಹಾಕಿ.