ಸೂಜಿ–ದಾರದ ಸಂಸಾರ



ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವೊಂದಿದೆ. ನಮ್ಮ ಧರ್ಮಪತ್ನಿಯವರು ಬಳಸುತ್ತಿದ್ದ ಯಂತ್ರವದು. ಅವರು ಲಿಂಗೈಕ್ಯರಾದ ಮೇಲೆ ನಾಲ್ಕು ವರ್ಷ ಅದರ ಮೇಲೆ ಹಳೆಯ ಪತ್ರಿಕೆಗಳೂ ನಮ್ಮ ಔಷಧಿಯ ಡಬ್ಬಿಯೂ ಕುಳಿತಿದ್ದವು. ಕಳೆದ ಶ್ರಾವಣದ ಒಂದು ರಾತ್ರಿ, ಹತ್ತು ಗಂಟೆ ಮೀರಿದ ಮೇಲೆ, ಅದರ ಸದ್ದು ಕೇಳಿ ನಾವು ಎಚ್ಚೆತ್ತೆವು. ಎದ್ದು ಬಂದು ನೋಡಲಾಗಿ ಪತ್ರಿಕೆಗಳೆಲ್ಲ ನೆಲದ ಮೇಲಿದ್ದವು. ನಮ್ಮ ಸೊಸೆ ಯಂತ್ರದ ಮುಂದೆ ಕುಳಿತಿದ್ದಳು.

ಆಕೆ ಬ್ಯಾಂಕಿನಲ್ಲಿ ಉದ್ಯೋಗಿ. ಮುಂಜಾನೆ ಐದಕ್ಕೆ ಎದ್ದು, ರೊಟ್ಟಿ ಪಲ್ಯ ಸಿದ್ಧಗೊಳಿಸಿ, ಮಕ್ಕಳ ಜಡೆ ಹಾಕಿ, ಬಸ್ಸು ಹಿಡಿದು ಹೋದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಅಂಥವಳಿಗೆ ನಡುರಾತ್ರಿಯ ಈ ಕೆಲಸವೇಕೆ ಎಂದು ನಮಗೆ ಕನಿಕರವೂ ಬಂದಿತು, ನಿದ್ರೆ ಕೆಟ್ಟಿದ್ದರಿಂದ ತುಸು ಸಿಟ್ಟೂ ಬಂದಿತು. “ಏನು ತಾಯಿ ಇದು? ಅಂಗಡಿಯಲ್ಲಿ ಏನು ತಾನೆ ದೊರೆಯುವುದಿಲ್ಲ?” ಎಂದು ಕೇಳಿಯೇಬಿಟ್ಟೆವು.

ಆಕೆ ತಲೆ ಎತ್ತದೆಯೇ ಹೇಳಿದಳು: “ಎಲ್ಲ ಸಿಗುತ್ತದೆ ಮಾವನವರೇ. ಆದರೆ ನಮ್ಮ ಕೂಸಿನ ಎಡಭುಜ ಬಲಭುಜಕ್ಕಿಂತ ಅರ್ಧ ಅಂಗುಲ ಕೆಳಗಿದೆ. ಅಂಗಡಿಯ ಕುಪ್ಪಸ ಆ ಕಡೆಗೆ ಜಾರುತ್ತದೆ. ಶಾಲೆಯಲ್ಲಿ ಹುಡುಗಿಯರು ನಗುತ್ತಾರಂತೆ. ಮೊನ್ನೆ ಅತ್ತುಕೊಂಡು ಬಂದಳು.”

ಬಂಧುಗಳೇ, ಆ ಮೊಮ್ಮಗಳನ್ನು ನಾವು ಹನ್ನೊಂದು ವರ್ಷ ನಮ್ಮ ಮಗ್ಗುಲಲ್ಲಿಯೇ ಕೂರಿಸಿಕೊಂಡು ಅಕ್ಷರ ತಿದ್ದಿಸಿದ್ದೇವೆ. ಅವಳ ಭುಜದ ಈ ವ್ಯತ್ಯಾಸ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಅಳತೆಯ ಪಟ್ಟಿ ಹಿಡಿದ ತಾಯಿಗೆ ಅದು ಕಂಡಿತ್ತು. ವೈದ್ಯರಿಗೂ ತೋರಿಸಿ, ಚಿಂತೆಯ ಕಾರಣವಿಲ್ಲವೆಂದು ಕೇಳಿಕೊಂಡು ಬಂದಿದ್ದಳಂತೆ. ಆ ರಾತ್ರಿ ನಮಗೆ ಮತ್ತೆ ನಿದ್ರೆ ಬರಲಿಲ್ಲ.

ಹೊಲಿಗೆಯೆಂಬುದು ನಮಗೆ ಹೊಸತೇನಲ್ಲ. ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿದ್ದಾಗ ಪ್ರತಿಯೊಬ್ಬ ವಿದ್ಯಾರ್ಥಿಯ ಪೆಟ್ಟಿಗೆಯಲ್ಲಿಯೂ ಒಂದು ಸೂಜಿ, ಒಂದು ದಾರದ ಉಂಡೆ ಇರಲೇಬೇಕಿತ್ತು. ಧೋತರ ಹರಿದುದಕ್ಕೆ ಗುರುಗಳು ಎಂದೂ ಗದರಿದವರಲ್ಲ. ಹರಿದುದನ್ನು ಹೊಲಿಯದೆ ಉಟ್ಟು ಬಂದವನನ್ನು ಮಾತ್ರ ಪಾಠಕ್ಕೆ ಕೂರಿಸುತ್ತಿರಲಿಲ್ಲ. ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವರ ಹೆಸರನ್ನು ನಾವು ಮೊದಲು ಕೇಳಿದ್ದು ಅಲ್ಲಿಯೇ. ನೂಲುವ ಕದಿರನ್ನು ತಮ್ಮ ಹೆಸರಿನಲ್ಲಿಯೇ ಹೊತ್ತ ಕದಿರ ರೆಮ್ಮವ್ವೆ, ನೇಯುವ ಜೇಡರ ದಾಸಿಮಯ್ಯ, ಬಟ್ಟೆ ಶುಚಿಗೊಳಿಸುವ ಮಡಿವಾಳ ಮಾಚಿದೇವ, ಇವರೊಡನೆ ಸೂಜಿಯ ಕಾಯಕದವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಇದನ್ನೆಲ್ಲ ನಾವು ಅನೇಕ ವೇದಿಕೆಗಳ ಮೇಲೆ ಹೇಳಿದ್ದೇವೆ. ಆದರೆ ನಮ್ಮ ಮನೆಯ ಯಂತ್ರದ ಮೇಲೆ ಔಷಧಿಯ ಡಬ್ಬಿ ಇಟ್ಟವರೂ ನಾವೇ.

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಲಿಗೆ ಬಾರದ ಅಜ್ಜಿಯೇ ಅಪರೂಪವಾಗಿದ್ದ ಕಾಲವೊಂದಿತ್ತು. ಮಗು ಹುಟ್ಟುವ ಮೊದಲೇ ಗುಳೇದಗುಡ್ಡದ ಖಣದ ತುಂಡುಗಳಿಂದ ಕುಂಚಿಗೆ, ಕುಲಾವಿ ಸಿದ್ಧವಾಗುತ್ತಿದ್ದವು. ಸವೆದ ಸೀರೆಗಳು ಪದರ ಪದರವಾಗಿ ಕೂಡಿ, ಸಾಲು ಹೊಲಿಗೆ ಬಿದ್ದು, ಕೌದಿಯಾಗುತ್ತಿದ್ದವು. ಇಂದು ಕೈಯಲ್ಲಿನ ದೂರವಾಣಿಯ ಮೇಲೆ ಬೆರಳೊತ್ತಿದರೆ ಬಟ್ಟೆ ಬಾಗಿಲಿಗೆ ಬರುತ್ತದೆ. ಸತ್ಯವನ್ನೇ ಹೇಳಬೇಕೆಂದರೆ, ಬಟ್ಟೆ, ದಾರ, ಗುಂಡಿ, ನಮ್ಮ ವೇಳೆ ಇವೆಲ್ಲವನ್ನೂ ಲೆಕ್ಕ ಹಾಕಿದಾಗ ಮನೆಯಲ್ಲಿ ಹೊಲಿದುದು ಅಂಗಡಿಯದಕ್ಕಿಂತ ಅಗ್ಗವಾಗುತ್ತದೆಂದು ಹೇಳಲು ಬಾರದು. ಹಣ ಉಳಿಸುವ ಆಸೆಯೊಂದರಿಂದಲೇ ಯಂತ್ರದ ಮುಂದೆ ಕುಳಿತವರು ಬೇಗನೆ ಎದ್ದುಬಿಡುತ್ತಾರೆ. ಮನೆಯ ಹೊಲಿಗೆಯಲ್ಲಿ ಉಳಿಯುವ ಲಾಭ ಬೇರೆ. ಅಂಗಡಿಯ ಅಂಗಿ ಯಾರೂ ಅಲ್ಲದ ಒಬ್ಬನ ಅಳತೆಗೆ ಹೊಲಿದುದು. ಮನೆಯ ಅಂಗಿ ನಮ್ಮವರ ಅಳತೆಗೆ ಹೊಲಿದುದು. ಅಳತೆ ತೆಗೆಯುವುದೆಂದರೆ ಒಬ್ಬರನ್ನು ನಿಲ್ಲಿಸಿ ಸಾವಧಾನವಾಗಿ ನೋಡುವುದು.

ಆದರೆ ದುಡಿಯುವ ಗೃಹಿಣಿಗೆ ವೇಳೆ ಎಲ್ಲಿಂದ ಬರಬೇಕು? ನಮ್ಮ ಸೊಸೆ ಕೆಲವು ತಿಂಗಳಲ್ಲಿ ಕಂಡುಕೊಂಡ ದಾರಿಯನ್ನು ಓದುಗರ ಮುಂದಿಡುತ್ತೇವೆ.

ಮೊದಲನೆಯದು, ಒಂದೇ ದಿನ ಒಂದು ಉಡುಪನ್ನು ಮುಗಿಸುವ ಹಟ ಬೇಡ. ಒಂದು ದಿನ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸುವುದು; ಹತ್ತಿಯ ಬಟ್ಟೆ ಮೊದಲ ತೊಳೆತಕ್ಕೆ ಕುಗ್ಗುವುದರಿಂದ ಇದನ್ನು ಬಿಡಬಾರದು. ಮತ್ತೊಂದು ದಿನ ಗುರುತು ಹಾಕಿ ಕತ್ತರಿಸುವುದು. ಆ ಮೇಲೆ ದಿನಕ್ಕೆ ಅರ್ಧ ಗಂಟೆ ಹೊಲಿಗೆ. ಕತ್ತರಿಸಿದ ತುಂಡುಗಳನ್ನು ಒಂದು ಚೀಲದಲ್ಲಿ ಕೂಡಿಸಿ, ಮುಂದೆ ಮಾಡಬೇಕಾದುದನ್ನು ಚೀಟಿಯಲ್ಲಿ ಬರೆದಿಟ್ಟರೆ, ವಾರ ಬಿಟ್ಟು ಕುಳಿತರೂ ತಡವರಿಸಬೇಕಾಗಿಲ್ಲ.

ಎರಡನೆಯದು, ಹಾಸು–ಹೊಕ್ಕುಗಳ ವಿವೇಕ. ಬಟ್ಟೆಯ ಉದ್ದಕ್ಕೆ ಹಾಯುವ ಹಾಸಿನ ಎಳೆ ಸಾಮಾನ್ಯವಾಗಿ ಕಡಿಮೆ ಹಿಗ್ಗುತ್ತದೆ. ಉಡುಪಿನ ಉದ್ದವನ್ನು ಹಾಸಿನ ದಿಕ್ಕಿಗೆ ಹಿಡಿದು ಕತ್ತರಿಸಿದರೆ ತೊಟ್ಟಾಗ ನೇರವಾಗಿ ಬೀಳುತ್ತದೆ. ಓರೆಯಾಗಿ ಕತ್ತರಿಸಿದರೆ ತೊಳೆದಂತೆಲ್ಲ ತಿರುಚಿಕೊಳ್ಳುತ್ತದೆ.

ಮೂರನೆಯದು, ಸುಲಭವಾದುದರಿಂದ ಆರಂಭ. ದಿಂಬಿನ ಗವಸು, ಒಳಲಂಗ, ಮಕ್ಕಳ ಲಂಗ, ಆ ಮೇಲೆ ಕುಪ್ಪಸ. ಚೆನ್ನಾಗಿ ಒಪ್ಪುವ ಹಳೆಯ ಕುಪ್ಪಸವೊಂದರ ಹೊಲಿಗೆ ಬಿಚ್ಚಿ, ಪತ್ರಿಕೆಯ ಕಾಗದದ ಮೇಲೆ ಹರಡಿ ಗೆರೆ ಎಳೆದುಕೊಂಡರೆ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಬೆಳೆಯುವ ಮಕ್ಕಳ ಬಟ್ಟೆಗೆ ಬಗಲಲ್ಲಿಯೂ ಅಂಚಿನಲ್ಲಿಯೂ ಒಳಮಡಿಕೆ ಧಾರಾಳವಾಗಿರಲಿ. ಮುಂದಿನ ವರ್ಷ ಬಿಚ್ಚಿ ಇಳಿಸಬಹುದು.

ಮೊಮ್ಮಗಳ ಕುಪ್ಪಸಕ್ಕೆ ಆಕೆ ಮಾಡಿದ ಉಪಾಯವನ್ನೂ ಹೇಳಬೇಕು. ಎಡಭುಜದ ಹೊರತುದಿಯನ್ನು ಅರ್ಧ ಅಂಗುಲ ಇಳಿಸಿ ಕತ್ತರಿಸಿದಳು; ಕಂಕುಳಿನ ಸುತ್ತಳತೆ ಕಿರಿದಾಗದಂತೆ ಅದರ ತಳವನ್ನೂ ಅಷ್ಟೇ ಇಳಿಸಿದಳು. ಮೊದಲ ಸಲ ತಳವನ್ನು ಇಳಿಸಲು ಮರೆತು ತೋಳು ಬಿಗಿದಿತ್ತು. ಬಿಚ್ಚಿದಳು, ಮತ್ತೆ ಹೊಲಿದಳು. ಹೊಲಿಗೆಯಲ್ಲಿ ತಪ್ಪಿಗೆ ಪ್ರಾಯಶ್ಚಿತ್ತ ಸುಲಭ. ಕತ್ತರಿಯ ತಪ್ಪಿಗೆ ಕಷ್ಟ. ಆದುದರಿಂದ ಮೊದಲು ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುವುದು ಕ್ಷೇಮ.

ಈಗ ಮುಖ್ಯವಾದ ಮಾತು. ಮಹಾತ್ಮ ಗಾಂಧೀಜಿಯವರನ್ನು 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿಯೊಬ್ಬರು, ತಾವು ಎಲ್ಲ ಯಂತ್ರಗಳಿಗೂ ವಿರೋಧಿಗಳೇ ಎಂದು ಪ್ರಶ್ನಿಸಿದರು. ಗಾಂಧೀಜಿಯವರು ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಸಿಂಗರ್ ಎಂಬಾತ ತನ್ನ ಮಡದಿ ಕೈಹೊಲಿಗೆಯಲ್ಲಿ ಬಳಲುವುದನ್ನು ಕಂಡು, ಪ್ರೀತಿಯಿಂದ ಅದನ್ನು ನಿರ್ಮಿಸಿದನೆಂದು ಅವರು ಹೇಳಿದರು. ಇತಿಹಾಸದ ದೃಷ್ಟಿಯಿಂದ ಈ ಕಥೆ ಪೂರ್ಣ ಸರಿಯಲ್ಲ. ಎಲಿಯಾಸ್ ಹೋವ್ ಎಂಬಾತ 1846ರಲ್ಲಿಯೇ ಪೇಟೆಂಟ್ ಪಡೆದಿದ್ದನು, ಸಿಂಗರ್ ಪಡೆದುದು 1851ರಲ್ಲಿ, ಅದೂ ವ್ಯಾಪಾರದ ಉದ್ದೇಶದಿಂದ. ಆದರೆ ಗಾಂಧೀಜಿಯವರ ಮಾತಿನ ತಿರುಳು ಸುಳ್ಳಾಗದು: ಆ ಯಂತ್ರ ಮನೆಗೆ ಬರಬೇಕಾದುದು ಹೆಣ್ಣಿನ ಭಾರವನ್ನು ಇಳಿಸುವುದಕ್ಕೆ. ಐದು ಗಂಟೆಗೆ ಎದ್ದವಳ ಹೆಗಲಿಗೆ ಹೊಲಿಗೆಯನ್ನೂ ಏರಿಸಿ, “ನಮ್ಮ ಸೊಸೆ ಬಟ್ಟೆಯನ್ನೂ ತಾನೇ ಹೊಲಿಯುತ್ತಾಳೆ” ಎಂದು ನೆಂಟರ ಮುಂದೆ ಹಿಗ್ಗುವುದು ನ್ಯಾಯವಲ್ಲ.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ಕೆಲಸ ಹಂಚಿಕೆಯಾಗಿದೆ. ಭಾನುವಾರ ಮಧ್ಯಾಹ್ನದ ಊಟದ ಪಾತ್ರೆಗಳು ನಮ್ಮ ಮಗನ ಪಾಲಿಗೆ. ಯಂತ್ರವನ್ನು ಒರೆಸಿ ಎಣ್ಣೆ ಬಿಡುವುದು, ಸೂಜಿಗೆ ದಾರ ಪೋಣಿಸುವುದು ಮೊಮ್ಮಗಳ ಪಾಲಿಗೆ. ಗುಂಡಿ ಹಚ್ಚುವುದು ನಮ್ಮ ಪಾಲಿಗೆ. ಪ್ರಸಾದನಿಲಯದಲ್ಲಿ ಕಲಿತ ವಿದ್ಯೆ ಕೈಬಿಟ್ಟಿರಲಿಲ್ಲ. ರಾತ್ರಿ ಹತ್ತರ ಮೇಲೆ ಯಂತ್ರ ನಡೆಯಕೂಡದೆಂಬ ಒಂದೇ ನಿಯಮವನ್ನು ಹಿರಿಯರಾಗಿ ನಾವು ವಿಧಿಸಿದ್ದೇವೆ.

ಊರಿನ ಸಿಂಪಿಗರಿಗೆ ಇದರಿಂದ ಕೆಲಸ ತಪ್ಪೀತೆಂಬ ಅಂಜಿಕೆ ಬೇಡ. ಕಾಲರಿನ ಅಂಗಿಗೂ ಮದುವೆಯ ಕುಪ್ಪಸಕ್ಕೂ ನಾವು ಅವರಲ್ಲಿಗೇ ಹೋಗುತ್ತೇವೆ. ಸ್ವತಃ ಹೊಲಿದು ನೋಡಿದ ಮೇಲೆ ಅವರು ಕೇಳುವ ಕೂಲಿಗೆ ಚೌಕಾಸಿ ಮಾಡಲು ನಾಲಗೆ ಏಳುವುದಿಲ್ಲ.

ಕುಪ್ಪಸ ಸಿದ್ಧವಾದ ದಿನ ಮೊಮ್ಮಗಳು ಅದನ್ನು ತೊಟ್ಟು ನಮ್ಮ ಮುಂದೆ ಬಂದು ನಿಂತಳು. “ಅಜ್ಜಾ, ಈಗ ಸಮ ಅದ ಏನು?” ಎಂದಳು. ಭುಜ ಮೊದಲಿನಂತೆಯೇ ಇತ್ತು. ಬಟ್ಟೆ ಮಾತ್ರ ಜಾರಿರಲಿಲ್ಲ. “ಸಮ ಅದ ನನ್ನವ್ವ” ಎಂದೆವು. ಅವಳು ಶಾಲೆಗೆ ಓಡಿದಳು. ನಾವು ಔಷಧಿಯ ಡಬ್ಬಿಯನ್ನು ಕಿಟಕಿಯ ಬಳಿ ಬೇರೊಂದು ಗೂಡಿನಲ್ಲಿ ಇರಿಸಿದೆವು.

ನಿಮ್ಮ ಮನೆಯ ಮೂಲೆಯಲ್ಲಿಯೂ ಅಂಥದೊಂದು ಯಂತ್ರವಿದ್ದರೆ, ಈ ಭಾನುವಾರ ಅದರ ಮೇಲಿನ ಸಾಮಾನುಗಳನ್ನು ತೆಗೆದಿಡಿರಿ. ಹಾಗೆ ತೆಗೆದಿಡುವ ಕೆಲಸವನ್ನು ಗಂಡಸರು ಮಾಡಲಿ.